ಕೊನೇ ರೀಲು

ಬಂಗಾರಪೇಟೆಯಲ್ಲಿಳಿದು ಮಾರಿಕುಪ್ಪಂ ಗಾಡಿ ಹತ್ತಿ
ಬರುತ್ತಿದ್ದರು ಕದಿರಪ್ಪ ಶೆಟ್ಟರು,
ತಗಡಿನ ಡಬ್ಬಿ ತೊಡೆಯ ಮೇಲೆ, ಹಸುಗೂಸಿನಂತೆ;
ಬೀಡಿ ಹಚ್ಚಿದವರನ್ನು ಗದರುತ್ತ.

ಒಂದೇ ಪ್ರಿಂಟು, ಎರಡು ಟೆಂಟು.
ರಾಬರ್ಟ್‌ಸನ್‌ಪೇಟೆಯಲ್ಲಿ ರಾಜ ಕಾಡು ಸೇರಿದಾಗ
ಆಂಡರ್ಸನ್‌ಪೇಟೆಯಲ್ಲಿನ್ನೂ ಅವನ ಮದುವೆ.
ನಡುವೆ ನನ್ನ ಸೈಕಲ್ಲು,
ಕ್ಯಾರಿಯರಿನಲ್ಲಿ ಬಿಸಿಯಾರದ ರೀಲು.

ಶೆಟ್ಟರು ಪರದೆಗೆ ಬೆನ್ನು ಹಾಕಿ
ತಲೆ ಎಣಿಸುವರು:
ನೆಲ ಇನ್ನೂರು, ಬೆಂಚು ಮೂವತ್ತು,
ಪಾಳಿಯ ಸೈರನ್ನಿಗೆ ಎದ್ದು ಹೋದವರು ಹನ್ನೊಂದು.

ಕಂಪನಿ ಮುಳುಗಿದ ವರ್ಷ
ಸವೆದ ರೀಲುಗಳ ಸುಟ್ಟು
ಬೂದಿಯಲ್ಲಿ ಬೆಳ್ಳಿ ಹುಡುಕಿದೆವು,
ಚಿನ್ನದ ಊರಿನಲ್ಲಿ.
ಸಿಕ್ಕಿದ್ದು ಒಂದು ಕಾಲುಂಗುರಕ್ಕೂ ಸಾಲದು.

ಬೆಂಕಿ ಆರುವಾಗ ಕೇಳಿದರು:
"ಕೊನೆಗೆ ರಾಣಿ ಸಿಕ್ಕಳೇನೋ ಅವನಿಗೆ?"

ಕೊನೇ ರೀಲು ಓಡುವಾಗೆಲ್ಲ
ಎರಡನೇ ಆಟಕ್ಕೆ ಮೊದಲನೆಯದನ್ನು ಹೊತ್ತು
ನಾನು ದಾರಿಯಲ್ಲಿ.

"ಸಿಕ್ಕಳು" ಅಂದೆ.