ಯಾವ ದಾರಿಯಲ್ಲಿ ಬರುತ್ತೀರಿ

ವಾಲ್ವಿಸ್ ಬೇಯ ಊರಾಚೆ, ಉಪ್ಪಿನ ಕಾರ್ಖಾನೆಯಲ್ಲಿ
ಲೆಕ್ಕ ಬರೆಯುವವಳು ನಾನು, ಹದಿನಾಲ್ಕು ವರ್ಷದಿಂದ.
ಬೆಳಿಗ್ಗೆ ಬಂದು ಮೊದಲು ಒರೆಸುವುದು ಕಿಟಕಿಯನ್ನಲ್ಲ,
ಮೂಲೆಯ ರೂಟರನ್ನು.
ಇಲ್ಲಿ ಗಾಳಿಗೂ ನಾಲಿಗೆಯಿದೆ,
ತಾಮ್ರ ಕಂಡರೆ ನೆಕ್ಕುತ್ತದೆ.

ಹೋದ ವರ್ಷ ಲೈನು ಸತ್ತ ದಿನ
ಮೂವತ್ತೊಂದು ಲಾರಿ ವೇಬ್ರಿಡ್ಜಿನ ಮುಂದೆ
ನಿಂತಲ್ಲೇ ನಿಂತವು.
ಬಂದರಿನ ಹಡಗು ನಿಲ್ಲಲಿಲ್ಲ.
ಸಾಹೇಬರೆಂದರು: ಹಿಲೇನಿ, ಇನ್ನೊಂದು ಲೈನು ತಗೋ,
ಬೇರೆ ಕಂಪನಿಯದು.

ಹಸಿರು ಅಂಗಿಯ ಹುಡುಗ ಬಂದ.
ನೂರಕ್ಕೆ ತೊಂಬತ್ತೊಂಬತ್ತು ಪಾಯಿಂಟ್ ಒಂಬತ್ತು, ಗ್ಯಾರಂಟಿ, ಎಂದ.
ಕಾಗದದ ಅಂಚಿನಲ್ಲೇ ಗುಣಿಸಿದೆ:
ಮಿಕ್ಕಿದ್ದು ವರ್ಷಕ್ಕೆ ಎಂಟೂಮುಕ್ಕಾಲು ಗಂಟೆ.
ಅದು ಯಾವ ದಿನ ಬರುತ್ತದಪ್ಪಾ, ಎಂದೆ.
ನಕ್ಕ. ನಾನೂ ನಕ್ಕು ಸಹಿ ಹಾಕಿದೆ.
ಆಮೇಲೆ ತಿಂಗಳಿಗೆ ಎರಡು ಬಿಲ್ಲು, ಒಂದು ನಿದ್ದೆ.

ಆಗಸ್ಟಿನಲ್ಲಿ ಮೂಡಣ ಗಾಳಿ ಎದ್ದಿತು.
ಮರಳ ದಿಬ್ಬ ರಸ್ತೆಗೆ ಬಂದು ಮಲಗಿತು,
ಅದನ್ನೆಬ್ಬಿಸಲು ಗ್ರೇಡರ್ ಬಂತು.
ಹನ್ನೊಂದೂ ಇಪ್ಪತ್ತಕ್ಕೆ
ಎರಡೂ ಪೆಟ್ಟಿಗೆಗಳ ಕಣ್ಣು ಕೆಂಪಾಯಿತು
ಅವಳಿ ಮಕ್ಕಳು ಒಟ್ಟಿಗೇ ಅತ್ತ ಹಾಗೆ.

ತುಹಫೇನಿಯ ಪಿಕಪ್ಪಿನಲ್ಲಿ ಹೋಗಿ ನೋಡಿದೆ.
ಮರಳಲ್ಲಿ ಒಂದೇ ಕಿತ್ತಳೆ ಕೊಳವೆ,
ಬಾಯಿ ಬಿಟ್ಟುಕೊಂಡು.
ಒಳಗೆ ಎರಡು ಕೇಬಲ್ಲು, ಮೈಗೆ ಮೈ ತಾಗಿಸಿ.
ಗುಂಡಿಯ ದಡದಲ್ಲಿ ನೀಲಿ ಅಂಗಿಯೂ ಹಸಿರು ಅಂಗಿಯೂ
ಒಂದೇ ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದರು.
ಎರಡು ದೋಣಿಯಲ್ಲಿ ಕಾಲಿಟ್ಟಿದ್ದೇನೆ ಅಂದುಕೊಂಡಿದ್ದೆ.
ದೋಣಿ ಒಂದೇ. ಬಣ್ಣ ಎರಡು.
ತಪ್ಪು ಅವರದಲ್ಲ;
ಎಷ್ಟು ವೇಗ ಅಂತ ಕೇಳಿದ್ದೆ, ಎಷ್ಟು ದುಡ್ಡು ಅಂತ ಕೇಳಿದ್ದೆ.

ಈಗ ಯಾರು ಬಂದರೂ ಕುರ್ಚಿ ಕೊಡುವ ಮೊದಲೇ
ಮೇಜಿನ ಮೇಲೆ ನಕ್ಷೆ ಹಾಸುತ್ತೇನೆ:
ಯಾವ ದಾರಿಯಲ್ಲಿ ಬರುತ್ತೀರಿ?
ಬೆರಳಿಟ್ಟು ತೋರಿಸಿ.

ಸೂರಿನ ಮೇಲೊಂದು ತಟ್ಟೆ ಕೂತಿದೆ, ಆಕಾಶ ನೋಡುತ್ತ.
ನಿಧಾನ, ದುಬಾರಿ.
ತೂಕದ ಚೀಟಿಗೆ, ಬಂದರಿನ ಕಾಗದಕ್ಕೆ ಮಾತ್ರ,
ಹುಡುಗರ ಫುಟ್ಬಾಲಿಗಲ್ಲ.
ತಿಂಗಳ ಮೊದಲ ಮಂಗಳವಾರ, ಲಾರಿ ಕಡಿಮೆಯಿದ್ದಾಗ,
ನೆಟ್ಟಗಿರುವ ಲೈನನ್ನು ನನ್ನ ಕೈಯಾರೆ ಕೀಳುತ್ತೇನೆ.
ಅಂಗಳದಿಂದ ಗವಾಸೆಬ್ ಕೂಗುತ್ತಾನೆ:
ಮೇಡಂ, ಹೋಯ್ತು!
ನಾನು ಉತ್ತರ ಕೊಡುವುದಿಲ್ಲ.
ಮೂವತ್ತೆಂಟು, ಮೂವತ್ತೊಂಬತ್ತು...