ಯಾವ ವಯಸ್ಸು

ನಾಕನೇ ಇಯತ್ತೆಗೆ ಭಾಗಾಕಾರ ಹೇಳೂ ಹೊತ್ತಿನ್ಯಾಗ
ಎದಿಯಿಂದ ಎದ್ದ ಝಳ
ಕುತ್ತಿಗಿ ಹತ್ತಿ ಕಿವಿ ತುದಿಗೆ ನಿಂತಿತು.
ಶೇಷ ಎಷ್ಟು ಅಂತ ಕೇಳಿದ್ದೆ,
ಹುಡುಗರು ಹೇಳಿದ್ದು ಕೇಳಿಸಲೇ ಇಲ್ಲ.
ಡಿಸೆಂಬರ ತಿಂಗಳು. ಅವರ ಮೈಮ್ಯಾಲ ಸ್ವೆಟರು,
ನನ್ನ ಬೆನ್ನಿಗೆ ಅಂಟಿದ ಜಂಪರು.
ಹಾಜರಿ ಪುಸ್ತಕದಿಂದ ಗಾಳಿ ಹಾಕಿಕೊಂಡೆ:
ಇಪ್ಪತ್ತೆಂಟು ಹೆಸರು, ಹತ್ತು ಗೈರು,
ಅವ್ವ ಅಪ್ಪನ ಸಂಗಾಟ ಕಬ್ಬಿಗೆ ಹೋದವು.

ಸೋಲಾಪುರದ ದವಾಖಾನಿ ಗ್ವಾಡಿ ಮ್ಯಾಲ
ಮರಾಠಿಯೊಳಗ ಬರೆದಿತ್ತು ರಜೋನಿವೃತ್ತಿ.
ನಾನು ಕನ್ನಡದಾಗ ಓದಿಕೊಂಡೆ:
ರಜೆನೂ ಅಲ್ಲ, ನಿವೃತ್ತಿನೂ ಅಲ್ಲ.
ನಲವತ್ತೆಂಟಕ್ಕ ಯಾರು ಕೊಡತಾರ ಪೆನ್ಶನ್ನು?

ಡಾಕ್ಟರ್ ಕೋಠಡಿಯಾ ಪೆನ್ನಿನ ಟೊಪಿಗಿ ತಗದು
ಮೇಜಿನ ಮ್ಯಾಲ ಸಣ್ಣದೊಂದು ಅಂಗಡಿ ತೆರೆದರು.
ತೋಳಿಗೆ ಹಚ್ಚೂ ಜೆಲ್. ಸೊಂಟಕ್ಕ ಅಂಟಿಸೂ ಪಟ್ಟಿ.
ಗುಳಿಗಿ, ಆದರ ರಕ್ತ ಹೆಪ್ಪುಗಟ್ಟೂ ಅಂಜಿಕಿ ಅದರಾಗ ತುಸು ಜಾಸ್ತಿ.
ಗರ್ಭಚೀಲ ಇದ್ದಾಕಿಗೆ ಈಸ್ಟ್ರೊಜೆನ್ ಒಂದ ಕೊಡಾಂಗಿಲ್ಲ,
ಚೀಲದ ಒಳಮೈ ಕಾಯಾಕ ಪ್ರೊಜೆಸ್ಟರಾನ್ ಜೋಡಿ ಬೇಕು.
"ಮನ್ಯಾಗ ಯಾರಿಗರೆ ಎದಿಗಂಟು?"
ಸಣ್ಣವ್ವಗ, ಅಂದೆ.
ಅಂಗಡಿ ಅರ್ಧ ಮುಚ್ಚಿತು.

"ಬ್ಯಾಡ ಅಂತಲ್ಲ, ಲೆಕ್ಕ ಹಾಕಬೇಕು.
ಹಿಂದ ಬಾಳ ಕೊಟ್ಟಿವಿ, ಆಮ್ಯಾಲ ಬಾಳ ಅಂಜಿದಿವಿ.
ಸಾವಿರದಾಗ ಇಷ್ಟು ಮಂದಿ ಅಂತ ಹೇಳಬಲ್ಲೆ.
ಆ ಇಷ್ಟರಾಗ ನೀವು ಇದ್ದೀರೋ ಇಲ್ಲೋ, ಹೇಳಲಾರೆ."
ಗಣಿತ ಕಲಸೂ ಬಾಯಿ ನಾನು.
ಉತ್ತರ ಸರಿ ಇದ್ದರೂ ರಾತ್ರಿ ನಿದ್ದಿ ಬರಲಿಲ್ಲ.

ಅತ್ತಿ ಅಂದರು, ನಮಗೇನ ಆಗಿಲ್ಲೇನ, ಸಬ್ಜಾ ನೆನಸಿ ಕುಡಿ.
ನಾದಿನಿ ಅಂದಳು, ಅದನ್ನ ತಗೊಂಡರ ಮೈ ಊದತದ.
ಮನಿಯವರು ನನ್ನ ಸಲುವಾಗಿ ಫ್ಯಾನ್ ಹಚ್ಚಿ
ಎರಡು ಚಾದರ ಹೊತಗೊಂಡು ಮಕ್ಕೊಂಡರು.
ಅದು ಅವರ ಅಭಿಪ್ರಾಯ.

ಮಹಾನಂದಾ ಸಾಲಿಯೊಳಗ ಖಿಚಡಿ ಮಾಡಾಕಿ.
ಟಾಕಿ ಹಂತ್ಯಾಕ ನಾನು ಮಾರಿ ತೊಳಕೊಳ್ಳೂದು ನೋಡಿ
"ನಿಮಗೂ ಶುರು ಆತೇನ್ರಿ ಬಾಯಾರ?" ಅಂದಳು.
ನಿಮಗೂ.
ಆಕಿಗಿನ್ನೂ ಮೂವತ್ತೆಂಟು.

ಕಬ್ಬು ಕಡಿಯೂ ಟೋಳಿ. ಒಂದು ದಿನ ತಪ್ಪಿದರ
ಮುಕಾದಮ ಖಾಡಾ ಹಿಡೀತಿದ್ದ.
ಹೊಟ್ಟಿನೋವು ಅಂತ ಹೋದಾಗ ಯಾವುದೋ ದವಾಖಾನಿ
ಚೀಲ ಕೆಟ್ಟದ ಅಂದಿತು. ಇಪ್ಪತ್ತೊಂಬತ್ತಕ್ಕ ತಗಸಿದರು.
ಅಂಡಾಶಯ ಬಿಟ್ಟರೋ ತಗದರೋ,
ಕಾಗದ ಇಲ್ಲ, ಕೇಳಿದವರಿಲ್ಲ.
ಮುಂಗಡ ತೀರಲಿಲ್ಲ. ಝಳ ಶುರು ಆತು.
ಕಬ್ಬಿನ ಸುಂಕಿನ ಉರಿ ಅಂತ
ಎರಡು ಹಂಗಾಮ ತಡಕೊಂಡಳು.

"ಇದಕ್ಕೂ ಔಷಧಿ ಅದನ್ರಿ?"
ಹತ್ತು ವರ್ಷ ನಡಕೊಂಡ ತಿರುಗಿದಾಕಿ
ಈ ಹಾದಿಗೆ ಬಸ್ ಅದನ್ರಿ ಅಂತ ಕೇಳಿದಂಗ ಕೇಳಿದಳು.

ಗುರುವಾರ ಇಬ್ಬರೂ ಹೋದಿವಿ.
ಡಾಕ್ಟರು ವಯಸ್ಸು ಕೇಳಿದರು.
ಆಕಿಗೆ ಮರಾಠಿ ಬರತದ, ನನಗಿಂತ ಚಲೋ.
ಆದರೂ ನನ್ನ ಕಡೆ ತಿರುಗಿ ಕನ್ನಡದಾಗ ಅಂದಳು:
"ಯಾವ ವಯಸ್ಸು? ನಂದೋ, ಚೀಲದ್ದೋ?"
ತರ್ಜುಮೆ ನನ್ನ ಗಂಟಲದಾಗ ನಿಂತಿತು.

ರಕ್ತ ಕೊಟ್ಟಿವಿ. ಎಲುಬಿನ ತಪಾಸಣಿಗೆ ಚೀಟಿ ಬರೆದರು.
ಹೊರಗ ಬಂದು ಮಹಾನಂದಾ ನಕ್ಕಳು,
"ಕೊಟ್ಟರ ನಿಮಗ ಎರಡು ಔಷಧಿ, ನನಗ ಒಂದಂತ.
ನೋಡ್ರಿ, ಕಳಕೊಂಡಾಕಿಗೆ ರಿಯಾಯತಿ."
ನಾನೂ ನಕ್ಕೆ. ನಗಬಾರದಿತ್ತೇನೋ.

ನನ್ನ ಚೀಟಿ ಇನ್ನೂ ಹಾಜರಿ ಪುಸ್ತಕದಾಗದ.
ಸಣ್ಣವ್ವ ಕನಸಿನಾಗ ಬಂದು ಏನೂ ಹೇಳೂದಿಲ್ಲ.

ಅಕ್ಕಲಕೋಟಿ ಬಸ್ಸು ವಳಸಂಗ ದಾಟಿದಾಗ
ಇಬ್ಬರಿಗೂ ಒಮ್ಮೆಲೇ ಬಂತು.
ಕಿಡಕಿ ಜಾಮ್ ಆಗಿತ್ತು.
ಕೂಡಿ ಜಗ್ಗಿ ಸರಿಸಿದಿವಿ.
ಹಿಂದಿನ ಸೀಟಿನಾತ "ಥಂಡಿ ಅದರೀ ಬಾಯಿ" ಅಂದ.
ಮುಚ್ಚಲಿಲ್ಲ.