ಉಳಿದದ್ದರ ತೂಕ

ಕೌನಾಸಿನಲ್ಲಿ ಜನವರಿ. ಎಂಟು ಹೊಡೆದರೂ ಕತ್ತಲೆ.
ಟ್ರಾಲಿಬಸ್ಸಿನ ತಂತಿಯಲ್ಲಿ ಹಿಮ ಸಿಕ್ಕಿ ಕಿಡಿ ಹಾರುತ್ತದೆ.
ಬೂಟು ಬಿಚ್ಚಿ, ನೀಲಿ ಟೊಪ್ಪಿಗೆ ಹಾಕಿ
ನೆಲಮಾಳಿಗೆಗೆ ಇಳಿಯುತ್ತೇನೆ,
ಮೂವತ್ತೊಂದು ವರ್ಷದಿಂದ ಇದೇ ಮೆಟ್ಟಿಲು.
ಬಿಳಿ ಇಲಿಗಳು ನನ್ನ ಹೆಜ್ಜೆ ಬಲ್ಲವು
ಅಂದುಕೊಂಡಿದ್ದೆ ಬಹಳ ಕಾಲ.
ಅವು ಬಲ್ಲದ್ದು ಬಕೆಟ್ಟಿನ ಸದ್ದು.

ಮೇಲೆ ಮೂರನೆಯ ಮಹಡಿಯಲ್ಲಿ ತೌತ್ವಿದಾಸ್
ಉಂಗುರಕ್ಕೆ ಉಂಗುರ ಕೊಂಡಿ ಹಾಕುವವನು,
ಇಂಗಾಲ, ಸಾರಜನಕ, ನಡುವೆ ಹಟಮಾರಿ ಗಂಧಕ.
ನೂರ ಹದಿನೇಳು ಸಲ ಕೆಟ್ಟಿತು.
ನೂರ ಹದಿನೆಂಟನೆಯದು ಸೀಸೆಯ ತಳದಲ್ಲಿ
ಹಳದಿ ಪುಡಿಯಾಗಿ ಕೂತಾಗ
ಕೋಟು ಕೂಡ ಹಾಕದೆ ಓಡಿಬಂದ:
'ಬ್ರೋನೆ, ಇದನ್ನು ಮೇವಿನಲ್ಲಿ ಕಲಸು,
ಸೂಜಿ ಬೇಡ, ಪಾಪ.'
ಒಳ್ಳೆಯ ಹುಡುಗ. ಕಲಸಿದೆ.

ಸ್ಕೈಸ್ತೆ ನೆರಳು ಓದುವವಳು.
ಇಲಿಗೆ ನಿದ್ದೆ ಬರಿಸಿ, ಮೂತಿಗೆ ಬೆರಳುಗೊಡವಿಯಷ್ಟು ಮುಖವಾಡ ಇಟ್ಟು
ಆಯಸ್ಕಾಂತದ ಗೂಡಿಗೆ ಮೆಲ್ಲಗೆ ತಳ್ಳುತ್ತಾಳೆ.
ಯಂತ್ರ ಸಿಟ್ಟಿಗೆದ್ದ ಮರಕುಟಿಗದ ಹಾಗೆ ಬಡಿಯುತ್ತದೆ.
ಪರದೆಯ ಮೇಲೆ ಗಡ್ಡೆ
ಮೊದಲು ಅವರೆಕಾಳು,
ಮೂರನೆಯ ವಾರಕ್ಕೆ ಮೆಣಸು,
ಆರಕ್ಕೆ, ಕನ್ನಡಕ ಒರೆಸಿ ನೋಡಬೇಕು, ಸಾಸಿವೆ.

ಶುಕ್ರವಾರ ಕೇಕು ತಂದರು,
ಕೊಂಬೆ ಕೊಂಬೆಯಾಗಿ ನಿಲ್ಲುವ ಮದುವೆಯ ಕೇಕು.

ನನ್ನ ಹತ್ತಿರ ಒಂದು ಪುಸ್ತಕವಿದೆ, ಯಾರೂ ಕೇಳದ್ದು.
ಸಂಜೆ ಬೋನಿನಲ್ಲಿ ಉಳಿದ ಮೇವನ್ನು ಹೆಕ್ಕಿ, ಹಿಕ್ಕೆ ಬೇರ್ಪಡಿಸಿ,
ತೂಗಿ ಬರೆಯುತ್ತೇನೆ.
ಮದ್ದಿಲ್ಲದವು ತಿಂದದ್ದು ದಿನಕ್ಕೆ ನಾಲ್ಕು ಗ್ರಾಂ.
ಮದ್ದಿನವು, ಒಂದೂವರೆ.
ಒಂದು ಕಾಳು ನಾಲಿಗೆಯ ತುದಿಗೆ ಮುಟ್ಟಿಸಿದೆ.
ಮಾಡಬಾರದು, ಗೊತ್ತು.
ರಾತ್ರಿ ಉಂಡ ಕಪ್ಪು ರೊಟ್ಟಿಯೂ ಕಹಿಯಾಯಿತು.

ಕಾಜಿಸ್‌ಗೂ ಹೀಗೇ.
ಬೀಟ್‌ರೂಟಿನ ಸಾರು ಚಮಚದಲ್ಲಿ ಆರುತ್ತಿತ್ತು,
ಅವನು ಗೋಡೆಯ ಕಡೆ ಹೊರಳುತ್ತಿದ್ದ.
ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು
ಗಡ್ಡೆ ಕುಗ್ಗಿದೆ ಅಂದರು.
ಇಡೀ ಮನುಷ್ಯನೇ ಕುಗ್ಗಿದ್ದ.
ಮದುವೆಯುಂಗುರಕ್ಕೆ ನೂಲು ಸುತ್ತಿ ತೊಡಿಸಿದ್ದೆ.

ಪುಸ್ತಕ ಹಿಡಿದು ಮೆಟ್ಟಿಲು ಹತ್ತಿದೆ.
ಚಾಕು ಕೇಕಿನ ಅರ್ಧದಲ್ಲಿ ನಿಂತಿತು.
ತೌತ್ವಿದಾಸ್ ಓದಿದ, ಬೆರಳಿಟ್ಟು, ಸಾಲು ಸಾಲು,
ಶಾಲೆಯ ಮಗುವಿನ ಹಾಗೆ ತುಟಿಯಾಡಿಸುತ್ತಾ.
ಸ್ಕೈಸ್ತೆ ಮಾತಾಡದೆ ಹಳೆಯ ಚಿತ್ರ ತೆರೆದಳು.
ಚರ್ಮದ ಕೆಳಗೆ ಕೊಬ್ಬಿನ ಬಿಳಿ ಅಂಚು
ವಾರದಿಂದ ವಾರಕ್ಕೆ ಸವೆದು
ಕೊನೆಗೆ ಸೀಸದ ಕಡ್ಡಿಯ ಗೆರೆ.
'ಇಲ್ಲೇ ಇತ್ತು,' ಅಂದಳು.
'ಆರು ವಾರ ನಾನು ಸಾಸಿವೆಯನ್ನೇ ನೋಡುತ್ತಿದ್ದೆ.'

ಬೈಯಲಿಲ್ಲ ಯಾರೂ.
ಕೇಕನ್ನು ಕಾವಲುಗಾರ ಮನೆಗೆ ಒಯ್ದ.

ಹಿತ್ತಿಲ ಗಿಡ ಮದ್ದಲ್ಲ ಅನ್ನುತ್ತಾರೆ.
ಸೀಸೆಯಲ್ಲಿ ಬೆಳೆದದ್ದು ಮದ್ದೋ, ಬರೀ ಉಪವಾಸವೋ,
ತಿಳಿಯಲು ಇರುವುದು ಒಂದೇ ದಾರಿಯಂತೆ:
ಮೂರನೆಯದೊಂದು ಸಾಲು ಬೋನು.
ಅವಕ್ಕೂ ಗಡ್ಡೆ. ಮದ್ದಿಲ್ಲ.
ಮದ್ದಿನವು ನಿನ್ನೆ ತಿಂದಷ್ಟೇ ಇಂದು ಅವಕ್ಕೂ ಮೇವು,
ಒಂದು ಹುಡಿಯೂ ಹೆಚ್ಚಿಲ್ಲ.
ಬರೆದುಕೊಟ್ಟವನು ಅವನು,
ಅಳೆಯುವವಳು ಅವಳು,
ಹೊಟ್ಟೆ ಕಟ್ಟಿಸುವ ಕೈ ನನ್ನದು.

ಹನ್ನೆರಡು ಇಲಿಗಳು.
ಬಕೆಟ್ಟಿನ ಸದ್ದಿಗೆ ಎದ್ದು ಕಂಬಿ ಹಿಡಿದು ನಿಲ್ಲುತ್ತವೆ,
ಹಿಂಗಾಲ ಮೇಲೆ, ಮೂತಿ ಮೇಲೆತ್ತಿ.
ನನ್ನ ತಕ್ಕಡಿ ತಪ್ಪುವುದಿಲ್ಲ.
ಒಂದೂವರೆ.
ಒಮ್ಮೆ ಮಾತ್ರ ಒಂದು ಕಾಳು ಅಂಗೈಯಲ್ಲಿ ಉಳಿಯಿತು,
ಬಹಳ ಹೊತ್ತು ನೋಡಿದೆ,
ಡಬ್ಬಿಗೆ ಹಾಕಿದೆ.

ನದಿಯ ಮಂಜುಗಡ್ಡೆ ಒಡೆಯುವ ಹೊತ್ತಿಗೆ
ಉತ್ತರ ಬರಬಹುದು, ಬಾರದಿರಬಹುದು.
ಸಂಜೆ ಮೂರನೆಯ ಸಾಲಿನ ತಟ್ಟೆಗಳನ್ನು ತೆಗೆಯುತ್ತೇನೆ,
ನೆಕ್ಕಿ ಹೊಳಪು ಬಂದಿರುತ್ತವೆ,
ಆದರೂ ತೂಗುತ್ತೇನೆ.
ಬರೆಯುತ್ತೇನೆ: ಉಳಿದದ್ದು, ಸೊನ್ನೆ.